ಹೆಣ್ಣು ಹೆಚ್ಚಿರುವ ಊರು

ವಿದ್ಯಾವತಿ ಮಾಡಿದ ನಕಾಶೆ ಪೇಪರಿನಲ್ಲಿ ಬಂದ ದಿನ ಮುದ್ದೇಬಿಹಾಳದ ಅವರ ಬಾಡಿಗೆ ಮನೆಯಲ್ಲಿ ಶಿರಾ ಮಾಡಿದ್ದರು. ಮಾಡಿದವನು ಗಂಡ ಕಲ್ಮೇಶ, ಅದೇ ಆಶ್ಚರ್ಯ. ಮಾರ್ಕೆಟ್ ಯಾರ್ಡಿನಲ್ಲಿ ತೊಗರಿ ಚೀಲಗಳ ನಡುವೆ ದಿನ ಕಳೆಯುವ ಮನುಷ್ಯ, ಮದುವೆಯಾಗಿ ಹದಿನಾಲ್ಕು ವರ್ಷದಲ್ಲಿ ಒಲೆಯ ಕಡೆ ತಿರುಗಿ ನೋಡಿದವನಲ್ಲ. ಅವತ್ತು ರವೆ ಹುರಿದ, ತಳ ಹತ್ತಿಸಿದ, ಆದರೂ ಹಲ್ಲು ಕಿರಿದುಕೊಂಡು ಬಡಿಸಿದ. ಯಾಕಂತೀರಿ? ಪೇಪರಿನಲ್ಲಿ ದಪ್ಪ ಅಕ್ಷರದಲ್ಲಿ ಬಂದದ್ದು ಹೆಂಡತಿಯ ಹೆಸರಲ್ಲ, ಅವನ ಊರಿನ ಹೆಸರು. ‘ಹೆಣ್ಣು ಹೆಚ್ಚಿರುವ ಊರು ಕುಂಚನಾಳ’ ಅಂತ.

ವಿದ್ಯಾವತಿ ಕಾಲೇಜಿನಲ್ಲಿ ಭೂಗೋಳ ಕಲಿಸುವ ಅತಿಥಿ ಉಪನ್ಯಾಸಕಿ. ಹೆಸರಿಗೆ ಅತಿಥಿ, ಕೂತದ್ದು ಮಾತ್ರ ಹನ್ನೊಂದು ವರ್ಷದಿಂದ ಅದೇ ಕುರ್ಚಿ. ಜನಗಣತಿ ಹಳೆಯದಾಯಿತು, ಹೊಸದು ಬರುವತನಕ ಕೈಕಟ್ಟಿ ಕೂತರೆ ಹೇಗೆ ಎಂದುಕೊಂಡು ಅವಳು ಸರಕಾರವೇ ಜಾಲತಾಣದಲ್ಲಿ ಹಾಕಿದ್ದ ಶಾಲೆಗಳ ದಾಖಲಾತಿ ಇಳಿಸಿಕೊಂಡಿದ್ದಳು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ತಾಲೂಕುಗಳ ಹಳ್ಳಿಗಳನ್ನು ಒಂದೊಂದಾಗಿ ನಕಾಶೆಯ ಮೇಲೆ ಕೂರಿಸಿದಳು. ಆರರಿಂದ ಹದಿನಾಲ್ಕು ವರ್ಷದ ಮಕ್ಕಳ ಲೆಕ್ಕ. ಹುಡುಗರು ಹೆಚ್ಚಿದ್ದರೆ ಕಿತ್ತಳೆ ಬಣ್ಣ, ಹುಡುಗಿಯರು ಹೆಚ್ಚಿದ್ದರೆ ಹಸಿರು. ಎಲ್ಲ ಕಿತ್ತಳೆಯೇ ಬರುತ್ತದೆ, ನಮ್ಮ ಜನ ಗೊತ್ತಲ್ಲ, ಎಂದು ಅವಳು ಮೊದಲೇ ಮೂಗು ಮುರಿದಿದ್ದಳು. ಬಣ್ಣ ತುಂಬಿ ನೋಡಿದರೆ ಊರ ಮೇಲೆ ಊರು ಹಸಿರು. ಅದರಲ್ಲಿ ಎಲ್ಲಕ್ಕಿಂತ ಗಾಢವಾದ ಚುಕ್ಕೆ ಸಿಂದಗಿ ತಾಲೂಕಿನ ಕುಂಚನಾಳ: ಅರವತ್ಮೂರು ಹುಡುಗರು, ತೊಂಬತ್ತಾರು ಹುಡುಗಿಯರು. ಮೂರು ಸಲ ತಾಳೆ ನೋಡಿದಳು. ಅಂಕಿ ಜಪ್ಪಯ್ಯ ಅನ್ನಲಿಲ್ಲ.

ನಾಲ್ಕು ತಾಲೂಕು ಕೇಂದ್ರಗಳನ್ನು ಮಾತ್ರ ಅವಳು ನಕಾಶೆಯಿಂದ ತೆಗೆದುಹಾಕಿದ್ದಳು. ನಾನು ನೋಡುತ್ತಿರುವುದು ಹಳ್ಳಿಗಳನ್ನು, ಪಟ್ಟಣ ಯಾಕೆ ಎಂಬುದು ಅವಳು ಕೊಡುವ ಕಾರಣ. ಅಷ್ಟು ದೊಡ್ಡ ನಾಲ್ಕು ಚುಕ್ಕೆ ಚಿತ್ರದ ಅಂದ ಕೆಡಿಸುತ್ತವೆ ಎಂಬುದು ಇನ್ನೊಂದು ಕಾರಣ, ಅದನ್ನು ಯಾರಿಗೂ ಹೇಳಿರಲಿಲ್ಲ.

ಪೇಪರ್ ಓದಿದ ಅಧಿಕಾರಿಗಳು ಸುಮ್ಮನಿರುತ್ತಾರೆಯೇ? ಬರುವ ಶನಿವಾರ ಕುಂಚನಾಳದ ಶಾಲೆಯ ಬಯಲಿನಲ್ಲಿ ಸನ್ಮಾನ, ಊರ ಅಗಸಿ ಬಾಗಿಲಿನ ಮುಂದೆ ಒಂದು ದೊಡ್ಡ ಬೋರ್ಡು, ಅದರ ಮೇಲೆ ‘ಹೆಣ್ಣುಮಕ್ಕಳ ಊರು’ ಎಂಬ ಬರಹ. ವಿದ್ಯಾವತಿ ಹತ್ತು ನಿಮಿಷ ಮಾತಾಡಬೇಕು. ಕಲ್ಮೇಶ ಯಾರ್ಡಿನಲ್ಲಿ ಸಿಕ್ಕವರಿಗೆಲ್ಲ ಇದನ್ನೇ ಹೇಳಿ ಹೇಳಿ ದನಿ ಬೀಳಿಸಿಕೊಂಡ.

ಆ ತೊಂಬತ್ತಾರು ಹುಡುಗಿಯರಲ್ಲಿ ಒಬ್ಬಳು ನಿಷತ. ವಿದ್ಯಾವತಿಯ ಮಗಳು.

ಇದರಲ್ಲಿ ಮುಚ್ಚಿಡುವಂಥದ್ದೇನೂ ಇರಲಿಲ್ಲ. ಒಂಬತ್ತು ವರ್ಷದ ಹಿಂದೆ ಮಗ ಮುತ್ತುರಾಜ ಹುಟ್ಟಿದಾಗ ನಿಷತಳಿಗೆ ಮೂರು ವರ್ಷ. ಕೂಸು, ಕಾಲೇಜು, ಒಂದೇ ಖೋಲಿಯ ಮನೆ. ಒಂದು ವರ್ಷದ ಮಟ್ಟಿಗೆ ನನ್ನ ಹತ್ತಿರ ಇರಲಿ ಬಿಡು ಎಂದು ಅತ್ತೆ ಲಕ್ಕವ್ವ ಹುಡುಗಿಯನ್ನು ಕುಂಚನಾಳಕ್ಕೆ ಕರೆದುಕೊಂಡು ಹೋದಳು. ಮುಂದಿನ ಜೂನಿಗೆ ಕರೆತಂದರಾಯಿತು ಎಂದರು. ಆ ಜೂನು ಬಂತು, ಇನ್ನೊಂದು ಬಂತು. ಮುತ್ತು ಮುದ್ದೇಬಿಹಾಳದ ಇಂಗ್ಲಿಷ್ ಶಾಲೆಗೆ ಹೋದ. ನಿಷತ ಅಜ್ಜಿಯ ಮನೆಯ ಹಿಂದಿನ ಕನ್ನಡ ಶಾಲೆಗೆ ಹೋದಳು. ಅಲ್ಲಿ ಎಂಟನೇತ್ತೆವರೆಗೆ ಇದೆ, ಅಷ್ಟೇ. ಹೈಸ್ಕೂಲು ಬೇಕೆಂದರೆ ಏಳು ಕಿಲೋಮೀಟರ್ ಆಚೆ, ಶಾಲೆಯ ಹೊತ್ತಿಗೆ ಬಸ್ಸಿಲ್ಲ. ಹೋದ ವರ್ಷ ಎಂಟು ಮುಗಿಸಿದ ಹನ್ನೊಂದು ಹುಡುಗಿಯರಲ್ಲಿ ಒಂಬತ್ತು ಮಂದಿ ಈಗ ಲಿಂಬಿ ತೋಟದಲ್ಲಿ ಕಾಯಿ ಹರಿಯುತ್ತಿದ್ದಾರೆ.

ನಿಷತಳ ಏಳನೇತ್ತೆ ಈ ಏಪ್ರಿಲ್‌ಗೆ ಮುಗಿದಿತ್ತು. ಮುದ್ದೇಬಿಹಾಳದ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಎಂಟನೇತ್ತೆಗೆ ಇದೇ ಜೂನಿನಲ್ಲಿ ಹೆಸರು ಹಚ್ಚಬೇಕು. ಈಗ ತಪ್ಪಿದರೆ ಒಂಬತ್ತಕ್ಕೆ ಸೀಟು ಸಿಗುವುದಿಲ್ಲ, ಅದು ವಿದ್ಯಾವತಿಗೆ ಚೆನ್ನಾಗಿ ಗೊತ್ತಿತ್ತು. ಕಲ್ಮೇಶನಿಗೆ ಹೇಳಿದರೆ ಅವನು ಇನ್ನೊಂದು ವರ್ಷ ಅಲ್ಲೇ ಎಂಟು ಮುಗಿಸಲಿ, ಅವ್ವನ ಮೊಣಕಾಲು ನೋವು, ನೀರು ತರುವವರು ಯಾರು ಎಂದ. ಅವಳೂ ಹೂಂ ಅಂದಳು. ನಮ್ಮನೆಯ ಸಂಗತಿ ಬೇರೆ, ನಾವೇನು ಹೆಣ್ಣು ಅಂತ ತಾತ್ಸಾರ ಮಾಡುವವರಲ್ಲ ಎಂದು ತನಗೆ ತಾನೇ ಹೇಳಿಕೊಂಡಳು.

ಭಾನುವಾರ ಕಾರ್ಯಕ್ರಮದ ತಯಾರಿ ನೋಡಲು ಕುಂಚನಾಳಕ್ಕೆ ಹೋದಳು. ಊರಲ್ಲಿ ಅವಳಿಗೆ ಸಿಕ್ಕ ಮರ್ಯಾದೆ ಏನು ಕೇಳುತ್ತೀರಿ. ಪಂಚಾಯ್ತಿ ಅಧ್ಯಕ್ಷ ಗುರುಲಿಂಗಪ್ಪ ಸಾವ್ಕಾರರು, ನೂರೆಕರೆ ಒಡೆಯರು, ಎದ್ದು ನಿಂತು ಬಾರವ್ವಾ ಎಂದರು. ನಮ್ಮೂರ ಸೊಸೆ ನಮ್ಮೂರ ಹೆಸರು ತಂದಳು ಎಂದು ಚಹಾ ತರಿಸಿದರು. ಅವಳು ಉಬ್ಬಿಹೋದಳು.

ಸೋಮವಾರ ಬೆಳಗಿನ ಮೊದಲ ಬಸ್ಸಿಗೆ ಹೊರಟಳು. ಅವಳು ಏಳುವ ಮೊದಲೇ ನಿಷತ ಎದ್ದು ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಹನ್ನೆರಡರ ಹುಡುಗಿ, ಹಿಟ್ಟು ಮೆತ್ತಿದ ಮೊಣಕೈ, ಕೈಯಲ್ಲಿ ರೊಟ್ಟಿ ಚಕಚಕ ತಿರುಗುತ್ತಿತ್ತು. ತಮ್ಮನಿಗೆ ವಾರದ ಬುತ್ತಿ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಬಿಳಿ ಬಟ್ಟೆಯಲ್ಲಿ ಗಂಟು. ಪ್ರತಿ ಸೋಮವಾರ ಅದು ಎರಡು ಬಸ್ಸು ಬದಲಾಯಿಸಿ ಮುದ್ದೇಬಿಹಾಳ ಮುಟ್ಟುತ್ತಿತ್ತು, ಇವತ್ತು ತಾಯಿಯೇ ಒಯ್ಯುತ್ತಿದ್ದಳು. ಇಷ್ಟು ವರ್ಷ ಬಂದ ಗಂಟು ಬಿಚ್ಚಿದ್ದಳೇ ಹೊರತು ರೊಟ್ಟಿ ಬಡಿಯುವವರು ಯಾರೆಂದು ಅವಳು ಕೇಳಿರಲಿಲ್ಲ. ಅತ್ತೆ ಎಂದೇ ತಿಳಿದಿದ್ದಳು.

ಬಸ್ಸು ಅಗಸಿಯ ಮುಂದೆ ನಿಂತಾಗ ಅಲ್ಲಿ ಹತ್ತುವವರಿಗಿಂತ ಕೊಡುವವರೇ ಹೆಚ್ಚು. ಹೆಂಗಸರು, ಹುಡುಗಿಯರು, ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಗಂಟು. ಗಂಟಿನ ಮೇಲೆ ಚೀಟಿ, ಚೀಟಿಯ ಮೇಲೆ ಹೆಸರು, ಊರು, ರೂಮಿನ ಗುರುತು. ಕಂಡಕ್ಟರು ಗಂಟು ತೆಗೆದುಕೊಳ್ಳುತ್ತ ಹೆಸರು ಓದಿ ಹಿಂದಿನ ಸೀಟಿನ ಮೇಲೆ ಸಾಲಾಗಿ ಇಡುತ್ತಿದ್ದ. ಸೋಮನಿಂಗ, ಸಿಂದಗಿ. ಮಾಳಿಂಗರಾಯ, ಇಂಡಿ. ಪ್ರೇಮಕುಮಾರ, ಬಾಗೇವಾಡಿ. ರಾವಸಾಬ, ಸಿಂದಗಿ. ವಿದ್ಯಾವತಿ ಸುಮ್ಮನೆ ಅಭ್ಯಾಸಬಲದಿಂದ ಎಣಿಸತೊಡಗಿದಳು. ಹತ್ತು ದಾಟಿತು, ಇಪ್ಪತ್ತು ದಾಟಿತು. ಇಪ್ಪತ್ತೇಳಕ್ಕೆ ನಿಂತಿತು. ಅಷ್ಟೂ ಗಂಡು ಹೆಸರು.

“ಹುಡುಗೀರ್ದು ಒಂದೂ ಇಲ್ಲೇನ್ರಿ?” ಎಂದು ಕಂಡಕ್ಟರನನ್ನು ಕೇಳಿದಳು.

“ಹುಡುಗೀರು ರೊಟ್ಟಿ ಬಡ್ಯಾಕ ಊರಾಗ ಬೇಕಲ್ರಿ ಬಾಯಾರ,” ಎಂದು ಅವನು ಟಿಕೆಟ್ ಹರಿದುಕೊಟ್ಟು ಮುಂದೆ ಹೋದ. ಅವನೇನು ಕುಹಕದಿಂದ ಹೇಳಲಿಲ್ಲ. ಇದ್ದದ್ದು ಹೇಳಿದ.

ಇಪ್ಪತ್ತೆಂಟನೆಯ ಗಂಟು ಅವಳ ತೊಡೆಯ ಮೇಲಿತ್ತು. ಇನ್ನೂ ಬೆಚ್ಚಗಿತ್ತು.

ಸಿಂದಗಿಯ ಬಸ್ ನಿಲ್ದಾಣದಲ್ಲಿ ಇಳಿದಾಗ ಅವಳು ನೋಡಬಾರದೆಂದರೂ ನೋಡಿದಳು. ಹಳ್ಳಿಗಳಿಂದ ಬಂದ ಬಸ್ಸುಗಳೆಲ್ಲ ಗಂಟು ಇಳಿಸುತ್ತಿದ್ದವು. ಹುಡುಗರು ಬ್ಯಾಗು ಹೊತ್ತು ಬಂದು ತಮ್ಮ ತಮ್ಮ ಹೆಸರಿನದನ್ನು ಎತ್ತಿಕೊಂಡು ಓಡುತ್ತಿದ್ದರು. ನಾಲ್ಕಾರು ಮನೆಯವರು ಕೂಡಿ ಪಟ್ಟಣದಲ್ಲಿ ಒಂದು ರೂಮು ಹಿಡಿಯುವುದು, ಗಂಡುಮಕ್ಕಳನ್ನು ಅಲ್ಲಿಟ್ಟು ಓದಿಸುವುದು, ಊರಿನಿಂದ ಬುತ್ತಿ ಕಳಿಸುವುದು, ಇದೇನು ಹೊಸದಲ್ಲ. ಅವಳ ಅಣ್ಣಂದಿರೂ ಹೀಗೇ ಓದಿದವರು. ಕಣ್ಣೆದುರಿಗೇ ಇದ್ದದ್ದು ನಕಾಶೆ ಮಾಡುವಾಗ ತಲೆಗೆ ಹೊಳೆಯಲಿಲ್ಲವಲ್ಲ ಎಂದು ಅವಳು ತನ್ನನ್ನು ತಾನೇ ಬೈದುಕೊಂಡಳು.

ಮನೆಗೆ ಬಂದು ಚಪ್ಪಲಿ ಬಿಡದೆ ಲ್ಯಾಪ್‌ಟಾಪ್ ತೆರೆದಳು. ತೆಗೆದುಹಾಕಿದ್ದ ನಾಲ್ಕು ಪಟ್ಟಣಗಳನ್ನು ಮತ್ತೆ ಸೇರಿಸಿದಳು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ನಾಲ್ಕೂ ಕಡು ಕಿತ್ತಳೆ. ನಾಲ್ಕೂ ಕಡೆ ಹುಡುಗರು ಉಕ್ಕಿಬಿದ್ದಿದ್ದರು. ನಾಲ್ಕು ತಾಲೂಕನ್ನು ಒಟ್ಟು ಕೂಡಿಸಿ ನೋಡಿದರೆ ಹುಡುಗಿಯರು ಒಂದು ಕೂದಲೆಳೆಯಷ್ಟೂ ಹೆಚ್ಚಿರಲಿಲ್ಲ. ಕಡಿಮೆಯೇ ಇದ್ದರು. ಹೆಣ್ಣು ಹೆಚ್ಚಿರುವ ಊರು ಅಂತೆ! ಗಂಡುಮಕ್ಕಳನ್ನು ಓದಿಗೆ ಕಳಿಸಿ, ಉಳಿದವರನ್ನು ಎಣಿಸಿ, ಅದಕ್ಕೊಂದು ಬೋರ್ಡು. ಅವಳಿಗೆ ನಾಚಿಕೆಯಾಯಿತು, ಸಿಟ್ಟು ಬಂತು, ಯಾರ ಮೇಲೆ ಎಂದು ತಿಳಿಯಲಿಲ್ಲ. ಮುತ್ತು ಶಾಲೆಯಿಂದ ಬಂದು ಮಮ್ಮಿ ಹಸಿವು ಎಂದ. ಗಂಟು ಬಿಚ್ಚಿ ರೊಟ್ಟಿ ಕೊಟ್ಟಳು, ಮಗ ತಿನ್ನುವುದನ್ನು ನೋಡುತ್ತ ಕೂತಳು. ಆವತ್ತೇ ನಿರ್ಧರಿಸಿದಳು, ಈ ಜೂನು ತಪ್ಪಿಸುವುದಿಲ್ಲ ಎಂದು.

ಮಂಗಳವಾರ ಕುಂಚನಾಳದ ಹೆಡ್‌ಮಾಸ್ತರ ಬಸಂತರಾಯರಿಗೆ ಫೋನು ಮಾಡಿದಳು. ಮಗಳ ವರ್ಗಾವಣೆ ಪತ್ರ, ಟಿ.ಸಿ. ಬೇಕು ಎಂದಳು.

“ಕೊಡಾಕ ಬರೂದಿಲ್ರಿ ಬಾಯಾರ,” ಎಂದರು ಅವರು. “ಈ ವರ್ಷ ಹುಡುಗೀರ್ದು ಒಂದೂ ಟಿ.ಸಿ. ಹೊರಗ ಹೋಗಬಾರ್ದು ಅಂತ ಸಾವ್ಕಾರ್ರು ಹೇಳ್ಯಾರ. ನಂಬರ್ ಕಡಿಮಿ ಆದ್ರ ಬೋರ್ಡು ಉಳಿಯೂದಿಲ್ಲ. ನಿಮ್ಮ ನಕಾಶಿ ನೋಡೇ ಅಲ್ರಿ ಇದೆಲ್ಲಾ.”

ತಾನು ಹಚ್ಚಿದ ಹಸಿರು ಬಣ್ಣವೇ ಮಗಳ ದಾರಿಗೆ ಅಡ್ಡ ಕೂತಿತ್ತು. ಅವಳ ಮಗಳೊಬ್ಬಳದೇ ಅಲ್ಲ, ಸಾವಿತ್ರವ್ವ ಎಂಬಾಕೆ ಮಗಳನ್ನು ಇಂಡಿಯ ತಂಗಿಯ ಮನೆಗೆ ಓದಲು ಕಳಿಸುತ್ತೇನೆಂದು ಎರಡು ಸಲ ಬಂದು ಬರಿಗೈಯಲ್ಲಿ ಹೋದಳಂತೆ. ಅದನ್ನೂ ಮಾಸ್ತರರೇ ಹೇಳಿದರು, ದನಿ ಇಳಿಸಿ, ಯಾರೂ ಕೇಳಬಾರದೆಂಬಂತೆ.

ಅವಳು ಮೇಲಿನ ಕಚೇರಿಗೆ ಅರ್ಜಿ ಹಾಕಬಹುದಿತ್ತು. ಹಾಕಿದರೆ ಉತ್ತರ ಬರುವುದರೊಳಗೆ ಜೂನು ಮುಗಿಯುತ್ತಿತ್ತು. ಗುರುಲಿಂಗಪ್ಪನವರಿಗೇ ಫೋನು ಮಾಡಿದಳು. ಅವರು ಬೇಜಾರು ಮಾಡಿಕೊಳ್ಳಲಿಲ್ಲ, ನಕ್ಕರು. ಒಂದು ವರ್ಷ ತಡಿಯವ್ವಾ, ಹುಡುಗಿಗೆ ಏನು ಅವಸರ ಎಂದರು. ಆಮೇಲೆ, ನಿಮ್ಮ ಕಾಲೇಜಿನ ಆಡಳಿತ ಮಂಡಳಿಯಲ್ಲಿ ನಮ್ಮ ಬೀಗರಿದ್ದಾರೆ, ನಿನ್ನ ಬಗ್ಗೆ ಒಳ್ಳೆಯ ಮಾತು ಹೇಳಿದ್ದೇನೆ ಎಂದು ಸೇರಿಸಿದರು. ಆ ಒಳ್ಳೆಯ ಮಾತು ನಾಳೆ ಏನಾಗಬಹುದೆಂದು ಬಿಡಿಸಿ ಹೇಳುವ ಅಗತ್ಯ ಇರಲಿಲ್ಲ.

ಮನೆಯಲ್ಲಿ ಮೂರು ದಿನ ಜಗಳ. ಊರಲ್ಲಿ ತಲೆಯೆತ್ತಿ ತಿರುಗದಂತೆ ಮಾಡಬೇಡ ಎಂದು ಕಲ್ಮೇಶ ಕೂಗಾಡಿದ. ಅವಳೂ ಬಿಡಲಿಲ್ಲ. ಮುತ್ತುವನ್ನು ಊರಲ್ಲಿ ಬಿಟ್ಟು ನಿಷತಳನ್ನು ಇಲ್ಲಿ ಓದಿಸುತ್ತಿದ್ದೆಯಾ ಎಂದು ಕೇಳಿದಳು. ಗುರುವಾರ ಅವನು ಊಟ ಮಾಡದೆ ಯಾರ್ಡಿಗೆ ಹೋದ. ಶುಕ್ರವಾರ ಅವಳು ಅಂಗಡಿಗೆ ಹೋಗಿ ಹೊಸ ನಕಾಶೆಯನ್ನು ದೊಡ್ಡ ಹಾಳೆಯಲ್ಲಿ ಅಚ್ಚು ಹಾಕಿಸಿ ಸುರುಳಿ ಸುತ್ತಿಕೊಂಡು ಬಂದಳು. ಅದನ್ನು ಬಿಚ್ಚುತ್ತೇನೋ ಇಲ್ಲವೋ ಎಂಬುದು ಅವಳಿಗೇ ಗೊತ್ತಿರಲಿಲ್ಲ.

ಶನಿವಾರ ಹತ್ತು ಗಂಟೆಗೇ ಕುಂಚನಾಳದ ಬಿಸಿಲು ನೆತ್ತಿ ಸುಡುತ್ತಿತ್ತು. ಶಾಲೆಯ ಬಯಲಿನಲ್ಲಿ ಶಾಮಿಯಾನ, ವೇದಿಕೆಯ ಹಿಂದೆ ಅವಳ ಹಸಿರು ನಕಾಶೆಯನ್ನೇ ದೊಡ್ಡದಾಗಿ ಫ್ಲೆಕ್ಸ್ ಮಾಡಿಸಿ ಕಟ್ಟಿದ್ದರು. ತೊಂಬತ್ತಾರು ಹುಡುಗಿಯರಿಗೂ ಹಸಿರು ರಿಬ್ಬನ್. ಊರ ತುಂಬ ಗಂಡಸರು ಬಿಳಿ ಅಂಗಿ ಹಾಕಿ ಬಂದಿದ್ದರು. ಕಲ್ಮೇಶನೂ ಬಂದು ಹಿಂದೆ ಕಂಬಕ್ಕೆ ಒರಗಿ ನಿಂತಿದ್ದ. ಜಿಲ್ಲೆಯಿಂದ ಬಂದ ಹಿರಿಯ ಅಧಿಕಾರಿ ನಡುವೆ ಕೂತರು, ಪಕ್ಕದಲ್ಲಿ ಗುರುಲಿಂಗಪ್ಪ. ಸ್ವಾಗತ ಗೀತೆ ಹಾಡಿದ ಐವರಲ್ಲಿ ನಿಷತಳೂ ಇದ್ದಳು. ಹಾಡುವಾಗ ತಾಯಿಯ ಕಡೆ ನೋಡಲಿಲ್ಲ. ಯಾವತ್ತೂ ಅವಳು ಹಾಗೆಯೇ, ವಿದ್ಯಾವತಿ ಊರಿಗೆ ಬಂದರೆ ನೆಂಟರಿಗೆ ನೀರು ಕೊಡುವಂತೆ ಕೊಟ್ಟು ಒಳಗೆ ಹೋಗುತ್ತಿದ್ದಳು.

ಗುರುಲಿಂಗಪ್ಪ ಮಾತಾಡಿದರು. ನಮ್ಮೂರಲ್ಲಿ ಹೆಣ್ಣು ಹುಟ್ಟಿದರೆ ಹಬ್ಬ ಎಂದರು. ಚಪ್ಪಾಳೆ ಬಿತ್ತು. ಆಮೇಲೆ ವಿದ್ಯಾವತಿಯ ಹೆಸರು ಕರೆದರು.

ಅವಳು ಮೈಕಿನ ಮುಂದೆ ಹೋಗಿ ನಿಂತಳು. ಬರೆದು ತಂದ ಭಾಷಣ ಪರ್ಸಿನಲ್ಲೇ ಇತ್ತು. ಮುಂದಿನ ಸಾಲಿನ ಹುಡುಗಿಯರು ಕಣ್ಣರಳಿಸಿ ನೋಡುತ್ತಿದ್ದರು. ಅವರ ಕೈಗಳು ಅವಳ ಕಣ್ಣಿಗೆ ಬಿದ್ದವು, ಕೆಲವರ ಬೆರಳುಗಳಲ್ಲಿ ಲಿಂಬಿ ಮುಳ್ಳಿನ ಗೀರು. ಅವಳು ಸುರುಳಿ ಬಿಚ್ಚಿದಳು. ಹಿಡಿದುಕೊಳ್ಳಲು ಯಾರನ್ನೂ ಕರೆಯಲಿಲ್ಲ, ತಾನೇ ಎರಡೂ ಕೈಯಲ್ಲಿ ಎತ್ತಿ ಹಿಡಿದಳು.

“ಹಿಂದ ಕಟ್ಟಿದ್ದು ನಾ ಮಾಡಿದ ನಕಾಶೀನ ಐತ್ರಿ. ಅದು ತಪ್ಪೈತಿ,” ಎಂದಳು. “ಕುಂಚನಾಳದಾಗ ಹೆಣ್ಣುಮಕ್ಕಳು ಹೆಚ್ಚಿಲ್ರಿ. ಗಂಡುಮಕ್ಕಳು ಊರಾಗಿಲ್ಲ, ಅಷ್ಟ.”

ಅವಳು ನಾಲ್ಕು ಕಿತ್ತಳೆ ಚುಕ್ಕೆಗಳನ್ನು ತೋರಿಸಿದಳು, ಹುಡುಗರು ಇಲ್ಲಿದ್ದಾರೆ ಎಂದಳು. ಸೋಮವಾರದ ಬಸ್ಸಿನ ಗಂಟುಗಳ ಲೆಕ್ಕ ಹೇಳಿದಳು. ಯಾರ ಮನೆಯದು ಎಂದು ಹೆಸರು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಹೆಂಗಸರು ಸೆರಗು ಸರಿಮಾಡಿಕೊಂಡು ತಲೆ ತಗ್ಗಿಸಿದರು. ಗುರುಲಿಂಗಪ್ಪನವರ ಮುಖ ಕೆಂಪಾಯಿತು, ಸಾಕು ಇಳಿಯವ್ವಾ ಎಂದು ಕೂತಲ್ಲಿಂದಲೇ ಗದರಿದರು. ಅಧಿಕಾರಿ ಕೈಯೆತ್ತಿ ಅವರನ್ನು ತಡೆದರು.

“ಹೋದವರಾಗ ಒಬ್ಬಾಂವ ನನ್ನ ಮಗ,” ಎಂದಳು ವಿದ್ಯಾವತಿ. “ಉಳಿದವರಾಗ ಒಬ್ಬಾಕಿ ನನ್ನ ಮಗಳು. ಈ ಬೋರ್ಡಿನ ಸಲುವಾಗಿ ಆಕಿ ಟಿ.ಸಿ. ತಡದಾರ. ಸಾವಿತ್ರವ್ವನ ಮಗಳದೂ ತಡದಾರ. ನನಗ ಸನ್ಮಾನ ಬ್ಯಾಡ್ರಿ ಸಾಹೇಬ್ರ. ಆ ಕಾಗದ ಕೊಡಸ್ರಿ.”

ಅಧಿಕಾರಿ ಬಸಂತರಾಯರ ಕಡೆ ತಿರುಗಿ ಹೌದೇನ್ರಿ ಎಂದು ಕೇಳಿದರು. ಮಾಸ್ತರರು ಸಾವ್ಕಾರರನ್ನು ನೋಡಿದರು, ನೆಲ ನೋಡಿದರು, ಹೌದ್ರಿ ಎಂದರು. ಅಧಿಕಾರಿ ಗಡಿಯಾರ ನೋಡಿಕೊಂಡರು. ಕೇಳಿದ ಮಕ್ಕಳಿಗೆಲ್ಲ ಇವತ್ತೇ ಬರೆದುಕೊಡಿ ಎಂದು ಹೇಳಿ, ಇನ್ನೊಂದು ಊರಿಗೆ ಹೋಗುವುದಿದೆಯೆಂದು ಎದ್ದರು. ಶಾಲು, ಹಾರ, ತಾಟು ಎಲ್ಲ ಮೇಜಿನ ಮೇಲೆ ಹಾಗೆಯೇ ಉಳಿದವು. ಜೀಪಿನ ಧೂಳು ಆರುವ ಮೊದಲೇ ಗುರುಲಿಂಗಪ್ಪ ಅವಳ ಮುಂದೆ ಬಂದು ನಿಂತರು.

“ಊರ ಮರ್ಯಾದಿ ಕಳದಿ. ಸೋಮವಾರ ಕಾಲೇಜಿಗೆ ಹೋಗು, ಗೊತ್ತಾಗ್ತೈತಿ,” ಎಂದರು.

ಹನ್ನೊಂದು ವರ್ಷದ ಕುರ್ಚಿ ಹೋಯಿತು ಎಂದು ಅವಳಿಗೆ ಅಲ್ಲಿಯೇ ಗೊತ್ತಾಯಿತು. ಆದರೂ ಒಳಗೊಳಗೆ ಒಂದು ಹೆಮ್ಮೆ ಇತ್ತು, ಸುಳ್ಳು ಹೇಳುವುದೇಕೆ. ಮಗಳಿಗಾಗಿ ಊರನ್ನೇ ಎದುರು ಹಾಕಿಕೊಂಡೆ, ಇದನ್ನು ಹುಡುಗಿ ನೋಡಿದಳಲ್ಲ ಎಂದು ಅವಳ ಮನಸ್ಸು ಹಗುರಾಗಿತ್ತು. ಈಗ ಓಡಿಬಂದು ಅಪ್ಪಿಕೊಳ್ಳುತ್ತಾಳೆ ಎಂದೇ ಕಾಯುತ್ತಿದ್ದಳು.

ಹೆಡ್‌ಮಾಸ್ತರರ ಕೋಣೆಯ ಮುಂದೆ ಆಗಲೇ ಸಾವಿತ್ರವ್ವ ಮಗಳ ಕೈ ಹಿಡಿದು ನಿಂತಿದ್ದಳು, ಅವಳ ಹಿಂದೆ ಇನ್ನಿಬ್ಬರು. ವಿದ್ಯಾವತಿಯನ್ನು ಮೊದಲು ಒಳಗೆ ಬಿಟ್ಟರು. ಲಕ್ಕವ್ವ ಮೊಮ್ಮಗಳನ್ನು ಕರೆದುಕೊಂಡು ಬಂದು ಬಾಗಿಲಲ್ಲಿ ಕೂತಳು, ಸೊಸೆಯ ಮೇಲೆ ಸಿಟ್ಟು, ಮೊಮ್ಮಗಳು ಹೋಗುತ್ತಾಳೆಂಬ ಸಂಕಟ, ಎರಡೂ ಸೇರಿ ಮುದುಕಿ ಸೆರಗು ಬಾಯಿಗಿಟ್ಟುಕೊಂಡಿದ್ದಳು. ಕಲ್ಮೇಶ ಕಿಟಕಿಯ ಆಚೆ ನಿಂತಿದ್ದ.

ಬಸಂತರಾಯರು ಟಿ.ಸಿ. ಪುಸ್ತಕ ತೆರೆದು ಹೆಸರು, ತಂದೆಯ ಹೆಸರು, ಜನ್ಮದಿನ ಬರೆದರು. ಶಾಲೆ ಬಿಡಲು ಕಾರಣ ಎಂಬ ಸಾಲಿಗೆ ಬಂದು ಪೆನ್ನು ನಿಲ್ಲಿಸಿದರು. ಮೇಲಿನವರು ನಾಳೆ ತಗಾದೆ ತೆಗೆಯಬಾರದು, ಕಾರಣ ಸರಿಯಾಗಿ ಇರಬೇಕು, ಏನಂತ ಬರೆಯಲಿ ಎಂದು ವಿದ್ಯಾವತಿಯನ್ನು ಕೇಳಿದರು. ಅವಳು ಹೇಳುವ ಮೊದಲೇ ಮೇಜಿನ ಆ ಕಡೆ ನಿಂತ ನಿಷತ ಮಾತಾಡಿದಳು. ರಿಬ್ಬನ್ ಬಿಚ್ಚಿ ಕೈಯಲ್ಲಿ ಹಿಡಿದಿದ್ದಳು. ಸಿಟ್ಟಿನಿಂದಲ್ಲ, ಅಳುತ್ತಲೂ ಅಲ್ಲ, ಕ್ಲಾಸಿನಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಹೇಳುವಂತೆ ಹೇಳಿದಳು.

“ನಮ್ಮವ್ವಗ ಈಗ ನೆನಪಾತು ಅಂತ ಬರೀರಿ, ಸರ್.”

ಬಸಂತರಾಯರು ತಲೆ ತಗ್ಗಿಸಿ ‘ಪಾಲಕರ ಕೋರಿಕೆ’ ಎಂದು ಬರೆದು, ಪುಸ್ತಕವನ್ನು ವಿದ್ಯಾವತಿಯ ಕಡೆ ತಿರುಗಿಸಿ, ಸಹಿ ಮಾಡುವ ಜಾಗ ತೋರಿಸಿದರು. ಅವಳಿಗೆ ಆ ಸಾಲು ಕಾಣಿಸಲಿಲ್ಲ. ಮಾಸ್ತರರು ಬೆರಳಿಟ್ಟು ಇಲ್ಲಿ ಬಾಯಾರ ಎಂದು ಎರಡು ಸಲ ಹೇಳಬೇಕಾಯಿತು.